ಪಟ್ಟಾಭಿಷೇಕದ ಮುಂದೆ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ವಾಚಕರಿಂದ ಒಂದೇ ವಿಷಯವನ್ನು ಕುರಿತು ನಮಗೆ ಪತ್ರಗಳು ಬರಹತ್ತಿ ಒಂದು ತಿಂಗಳಾಗುತ್ತ ಬಂದಿತು. ಅದು ಮಳೆಯ ಮಾತಲ್ಲ, ಕಡಲೆಯ ಧಾರಣೆಯ ಮಾತಲ್ಲ, ಚುನಾವಣೆಯ ಮಾತಂತೂ ಅಲ್ಲವೇ ಅಲ್ಲ. ಗದುಗಿನ ನಾರಣಪ್ಪನ ಭಾರತವನ್ನು ಓದಿಸಲಿಕ್ಕೆ ಹಿಡಿದವರು ಗದಾಪರ್ವವು ಮುಗಿದ ದಿವಸ ಮಂಗಳ ಹಾಡಿ ಪುಸ್ತಕವನ್ನು ಕಟ್ಟಿಡಬೇಕೋ, ಅಥವಾ ತಿಮ್ಮಣ್ಣಕವಿಯು ರಚಿಸಿದ ಮುಂದಿನ ಪರ್ವಗಳನ್ನೂ ಓದಿಸಿ ಭಾರತವನ್ನು ಪೂರ್ತಿ ಮಾಡಬೇಕೋ ಎಂಬುದೇ ಆ ವಿಷಯವು. ಗುಡಿಯ ಕಟ್ಟೆಯ ಮೇಲೆ ತೀರಬಹುದಾಗಿದ್ದ ಈ ವಾದವು ಪತ್ರಿಕೆಯ ಕಚೇರಿಯ ವರೆಗೆ ಬಂದುದಕ್ಕೆ ನಮಗೆ ಬೇಸರವಿಲ್ಲ, ಸಂತೋಷವಿದೆ. ಐದಾರು ನೂರು ವರ್ಷಗಳ ಹಿಂದಿನ ಪುಸ್ತಕದ ಸಲುವಾಗಿ ಜಗಳಾಡುವ ಜನರು ಇನ್ನೂ ಇದ್ದಾರೆಂದರೆ ಆ ಪುಸ್ತಕವು ಜೀವದಿಂದಿದೆಯೆಂದೇ ಅರ್ಥವು.

ರೋಣದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಮೊದಲನೆಯ ಪಕ್ಷದ ಮುಖಂಡರು. ಅವರ ಪತ್ರವು ದೀರ್ಘವಾದುದು. ಅದರಲ್ಲಿಯ ಒಂದು ಸಂಗತಿಯು ಮಾತ್ರ ನಮ್ಮ ಮನಸ್ಸಿನಲ್ಲಿ ನಿಂತಿತು. ಧರ್ಮರಾಯನ ಪಟ್ಟಾಭಿಷೇಕದ ರಾತ್ರಿ ಓಣಿಗೆ ಓಣಿಯೇ ನೆರೆದಿತ್ತಂತೆ. ಹೆಣ್ಣುಮಕ್ಕಳು ಆರತಿ ತಂದಿದ್ದರಂತೆ. ಮುಂದೆ ಶಾಂತಿಪರ್ವವನ್ನು ಹಿಡಿದ ನಾಲ್ಕನೆಯ ದಿವಸ ನೋಡಿದರೆ ಓದುವವರು, ಅರ್ಥ ಹೇಳುವವರು, ದೀಪಕ್ಕೆ ಎಣ್ಣೆ ಹಾಕುವವನು, ಈ ಮೂವರೇ ಉಳಿದಿದ್ದರಂತೆ. ಹೋಳಿಗೆಯ ಊಟವಾದ ಮೇಲೆ ಸಪ್ಪನ ಸಾರನ್ನು ಬಡಿಸಿದರೆ ಯಾರು ಎಲೆಯ ಮುಂದೆ ಕುಳಿತುಕೊಂಡಾರು ಎಂದು ಅವರು ಕೇಳುತ್ತಾರೆ. ಇದಕ್ಕೆ ಪ್ರತಿಯಾಗಿ ನರಗುಂದದಿಂದ ಬಂದ ಪತ್ರವು ಚಿಕ್ಕದಾದರೂ ಖಾರವಾದುದು. ಗೆದ್ದವರ ಕಥೆಯು ಗೆದ್ದ ದಿನಕ್ಕೇ ಮುಗಿದರೆ ಅದಕ್ಕೆ ಮೆರವಣಿಗೆಯೆನ್ನಬೇಕೇ ಹೊರತು ಭಾರತವೆನ್ನಬಾರದೆಂದು ಅದನ್ನು ಬರೆದವರು ಖಡಾಖಂಡಿತವಾಗಿ ಹೇಳಿದ್ದಾರೆ.

ವಾದದ ಮೂಲವು ಎಲ್ಲರಿಗೂ ಗೊತ್ತಿರುವದೇ. ಕೋಳಿವಾಡದ ಶಾನುಭೋಗ ಮನೆತನದ ನಾರಣಪ್ಪನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು, ಆದಿಪರ್ವದಿಂದ ಗದಾಪರ್ವದ ವರೆಗಿನ ಹತ್ತು ಪರ್ವಗಳನ್ನು ಎಂಟು ಸಾವಿರಕ್ಕೂ ಮಿಕ್ಕ ಭಾಮಿನೀ ಷಟ್ಪದಿಗಳಲ್ಲಿ ಹಾಡಿ, ಕುಮಾರವ್ಯಾಸನೆನಿಸಿಕೊಂಡನು. ಅಶ್ವತ್ಥಾಮನ ರಾತ್ರಿಯ ಕೊಲೆಯೂ ಗಾಂಧಾರಿಯ ಗೋಳೂ ಆತನ ಗದಾಪರ್ವದಲ್ಲಿಯೇ ಅಡಗಿವೆ. ಪಟ್ಟಾಭಿಷೇಕಕ್ಕೆ ಆತನು ನಿಲ್ಲಿಸಿದನು. ಮುಂದಿನ ಭಾಗವನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1509ರಿಂದ 1529ರ ಒಳಗೆ, ತಿಮ್ಮಣ್ಣಕವಿಯು ಅದೇ ಛಂದಸ್ಸಿನಲ್ಲಿ ಬರೆದು, ಅದಕ್ಕೆ ರಾಯನ ಹೆಸರನ್ನೇ ಇಟ್ಟು ಕೃಷ್ಣರಾಯಭಾರತವೆಂದು ಕರೆದನು. ಮೊದಲನೆಯವನು ವೀರನಾರಾಯಣನ ಕವಿ, ಎರಡನೆಯವನು ಅರಮನೆಯ ಕವಿ. ವಿಜಯನಗರದ ಹೆಸರು ಕೇಳಿದರೆ ಎದೆಯುಬ್ಬುವವರಲ್ಲಿ ನಾವೂ ಒಬ್ಬರು. ಆದರೆ ಸಿಂಹಾಸನದ ಅಪ್ಪಣೆಯಿಂದ ಕೆರೆ ಕಟ್ಟಿಸಬಹುದು, ಕೋಟೆ ಕಟ್ಟಿಸಬಹುದು, ನಾರಣಪ್ಪನ ಷಟ್ಪದಿಯನ್ನು ಕಟ್ಟಿಸಲಿಕ್ಕೆ ಬರುವದಿಲ್ಲ.

ಆದ್ದರಿಂದ ರೋಣದ ಮಹನೀಯರು ಹೇಳುವ ಇಳಿತವು ಸುಳ್ಳಲ್ಲ. ತಿಮ್ಮಣ್ಣನ ನಡೆ ಸರಳವಾಗಿದೆ, ಕಥೆ ದಾರಿ ತಪ್ಪುವದಿಲ್ಲ, ಅಷ್ಟೇ. ನಾರಣಪ್ಪನಲ್ಲಿ ಹೆಜ್ಜೆಗೊಮ್ಮೆ ಮಿಂಚುವ ರೂಪಕವಾಗಲಿ, ಜಾಣ ಬೈಗುಳವಾಗಲಿ, ಭೀಮನೂ ದ್ರೌಪದಿಯೂ ನಮ್ಮ ಓಣಿಯವರೇ ಎಂಬಂತೆ ಮಾತಾಡುವ ಆ ಸೊಗಸಾಗಲಿ ಇಲ್ಲಿ ದೊರೆಯುವದಿಲ್ಲ. ಆದರೆ ತಪ್ಪೆಲ್ಲವನ್ನೂ ಕವಿಯ ತಲೆಗೆ ಕಟ್ಟುವದು ನ್ಯಾಯವಲ್ಲ. ಆತನ ಪಾಲಿಗೆ ಬಂದ ಹೊಲವೇ ಅಂಥದು. ಶಾಂತಿಪರ್ವ, ಅನುಶಾಸನಪರ್ವಗಳಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನು ರಾಜಧರ್ಮ, ಆಪದ್ಧರ್ಮ, ಮೋಕ್ಷಧರ್ಮ, ದಾನಧರ್ಮಗಳನ್ನು ಹೇಳುತ್ತಾನೆ, ಧರ್ಮರಾಯನು ಕೇಳುತ್ತಾನೆ. ವ್ಯಾಸರ ಮೂಲದಲ್ಲಿಯೂ ಅಲ್ಲಿ ಕಥೆ ನಿಂತೇ ನಿಲ್ಲುತ್ತದೆ. ಇಷ್ಟಕ್ಕೂ ನಾರಣಪ್ಪನಲ್ಲಿಯಾದರೂ ಎಲ್ಲವೂ ಒಂದೇ ಸಮನಾಗಿದೆಯೆ? ಭೀಷ್ಮ, ದ್ರೋಣಪರ್ವಗಳ ಕಾಳಗದ ವರ್ಣನೆಯು ಬೆಳೆಯುತ್ತ ಹೋದಂತೆ ಕುಳಿತಲ್ಲಿಯೇ ತೂಕಡಿಸಿದವರನ್ನು ನಾವು ಕಂಡಿದ್ದೇವೆ, ತೂಕಡಿಸಿಯೂ ಇದ್ದೇವೆ. ಹಾಗೆಂದು ಅಲ್ಲಿಯೇ ಎದ್ದುಹೋದವನಿಗೆ ಕರ್ಣನ ಸಾವು ದೊರೆಯಲಿಲ್ಲ. ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವನನ್ನು ಭೀಮನು ಮೂದಲಿಸಿ ಮೇಲೆಬ್ಬಿಸುವ ಆ ಪ್ರಸಂಗವೂ ದೊರೆಯಲಿಲ್ಲ.

ಇಂಥ ಜಗಳವು ನಮ್ಮ ನಾಡಿನ ಸೊತ್ತು ಮಾತ್ರವಲ್ಲ. ನಮ್ಮ ಮನೆಯ ಹುಡುಗನೊಬ್ಬನು ಅಮೇರಿಕೆಯ ರಾಬರ್ಟ್ ಜಾರ್ಡನ್ ಎಂಬವನ ‘ದಿ ವ್ಹೀಲ್ ಆಫ್ ಟೈಮ್’ ಎಂಬ ಅದ್ಭುತಕಥಾಮಾಲೆಯನ್ನು ಓದುತ್ತಿರುತ್ತಾನೆ. 1990ರಲ್ಲಿ ಪ್ರಾರಂಭವಾದ ಆ ಮಾಲೆಯು ಹದಿನಾಲ್ಕು ಸಂಪುಟಗಳಿಗೆ ಬೆಳೆಯಿತು. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಕಥೆಯು ಹೆಜ್ಜೆಯನ್ನೇ ಎತ್ತಿಡುವದಿಲ್ಲವೆಂದು ಅದರ ಭಕ್ತರೇ ಬೈದರು. 2007ರಲ್ಲಿ ಗ್ರಂಥಕರ್ತನು ತೀರಿಕೊಂಡನು. ಆತನು ಬಿಟ್ಟುಹೋದ ಟಿಪ್ಪಣಿಗಳ ಆಧಾರದಿಂದ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಬೇರೊಬ್ಬನು ಕೊನೆಯ ಮೂರು ಸಂಪುಟಗಳನ್ನು ಬರೆದು 2013ರಲ್ಲಿ ಮುಗಿಸಿದನು. ಇದು ಮೊದಲಿನವನ ಕೈಯಲ್ಲವೆಂದು ಕೆಲವರು, ಮುಗಿಸಿಕೊಟ್ಟನಲ್ಲಾ ಪುಣ್ಯಾತ್ಮನು ಎಂದು ಕೆಲವರು. ವಾದವು ಇನ್ನೂ ನಡೆದಿದೆ. ಅದನ್ನು ಕೇಳಿ ನಾವು ಹುಡುಗನಿಗೆ ಬಾಣನ ಕಾದಂಬರಿಯ ಕಥೆಯನ್ನು ಹೇಳಿದೆವು. ತಂದೆಯು ಅರ್ಧಕ್ಕೆ ಬಿಟ್ಟು ತೀರಿಕೊಂಡ ಕಾವ್ಯವನ್ನು ಮಗನಾದ ಭೂಷಣಭಟ್ಟನು ಪೂರ್ಣಗೊಳಿಸಿದನು. ಕವಿಯೆಂಬ ಗರ್ವದಿಂದಲ್ಲ, ಅಪೂರ್ಣವಾಯಿತೆಂದು ಸಜ್ಜನರು ದುಃಖಪಡುವರೆಂಬ ಕಾರಣದಿಂದ ಬರೆದೆನೆಂದು ಹೇಳಿಕೊಂಡನು. ಉತ್ತರಾರ್ಧವು ಪೂರ್ವಾರ್ಧಕ್ಕೆ ಸರಿಯಲ್ಲವೆಂದು ಪಂಡಿತರು ಅನ್ನುತ್ತ ಬಂದರೂ, ಅದನ್ನು ಬಿಟ್ಟು ಕಾದಂಬರಿಯನ್ನು ಓದಿದವರಿಲ್ಲ. ನಮ್ಮ ನಾಗವರ್ಮನು ಕನ್ನಡಕ್ಕೆ ತರುವಾಗ ಎರಡನ್ನೂ ತಂದನು.

ಪಟ್ಟಾಭಿಷೇಕಕ್ಕೆ ನಿಲ್ಲಿಸಬೇಕೆನ್ನುವವರಿಗೆ ಒಂದು ದೊಡ್ಡ ಆಧಾರವಿದೆ. ಅವರು ಅದನ್ನು ಹೇಳದಿದ್ದರೂ ನಾವು ಹೇಳುವದು ಧರ್ಮವು. ಸುಮಾರು 941ರಲ್ಲಿ ಪಂಪನು ತನ್ನ ಭಾರತವನ್ನು ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಸಿದನು. ರನ್ನನು ಭೀಮನಿಗೆ ಪಟ್ಟ ಕಟ್ಟಿ ಗದಾಯುದ್ಧವನ್ನು ಮುಗಿಸಿದನು. ಅಂದಮೇಲೆ ಅಲ್ಲಿ ನಿಲ್ಲುವದು ಕನ್ನಡ ಕವಿಗಳ ರೂಢಿಯೇ ಆಗಿರುವದು. ಆದರೆ ಆ ಇಬ್ಬರೂ ತಮ್ಮ ಅರಸನನ್ನೇ ಕಥಾನಾಯಕನನ್ನಾಗಿ ಮಾಡಿಕೊಂಡವರು; ಅರಸನಿಗೆ ಪಟ್ಟವಾದ ಮೇಲೆ ಅವರ ಕೆಲಸವು ತೀರಿತು. ನಾರಣಪ್ಪನ ಪ್ರತಿಜ್ಞೆಯು ಹಾಗಿರಲಿಲ್ಲ. ತಾನು ಹೇಳುವದು ಕೃಷ್ಣನ ಕಥೆಯೆಂದು ಆತನು ಆರಂಭದಲ್ಲಿಯೇ ಸಾರಿದ್ದಾನೆ. ಕೃಷ್ಣಕಥೆಯೆಂದ ಮೇಲೆ ಕೃಷ್ಣನ ಅವಸಾನವನ್ನು ಹೇಳದೆ ಅದು ಹೇಗೆ ಮುಗಿದೀತು? ಆ ಅವಸಾನವು ಇರುವದು ಮೌಸಲಪರ್ವದಲ್ಲಿ.

ಜನರಿಗೂ ಇದು ತಿಳಿದಿತ್ತೆಂಬುದಕ್ಕೆ ನಮ್ಮ ಭಾಗದ ಐತಿಹ್ಯವೇ ಸಾಕ್ಷಿ. ಅಶ್ವತ್ಥಾಮನೇ ಬ್ರಾಹ್ಮಣವೇಷದಿಂದ ಬಂದು ನಾರಣಪ್ಪನಿಗೆ ಕಥೆಯನ್ನು ಹೇಳುತ್ತಿದ್ದನೆಂದೂ, ಈ ಗುಟ್ಟನ್ನು ಯಾರ ಮುಂದೆಯೂ ಒಡೆಯಬಾರದೆಂಬ ಕರಾರನ್ನು ಕವಿಯು ಹೆಂಡತಿಯ ಮುಂದೆ ಮುರಿದನೆಂದೂ, ಅಂದಿಗೆ ಕಥೆಯು ನಿಂತಿತೆಂದೂ ನಮ್ಮ ಅಜ್ಜಿಯು ಹೇಳುತ್ತಿದ್ದಳು. ವಾಚಕರ ಅಜ್ಜಿಯರೂ ಹೇಳಿರಬೇಕು. ಇದು ಇತಿಹಾಸವಲ್ಲ. ಆದರೆ ಗದಾಪರ್ವಕ್ಕೇ ಕಥೆ ಸಹಜವಾಗಿ ಮುಗಿಯಿತೆಂದು ಜನರಿಗೆ ಅನಿಸಿದ್ದರೆ ಅದು ಯಾಕೆ ನಿಂತಿತೆಂಬುದಕ್ಕೆ ಒಂದು ಕಾರಣವನ್ನು ಕಟ್ಟುವ ಗರಜು ಅವರಿಗೆ ಬೀಳುತ್ತಿರಲಿಲ್ಲ. ಕಥೆಯು ತುಂಡಾಯಿತೆಂಬ ಕಸಿವಿಸಿಯೇ ಅಶ್ವತ್ಥಾಮನನ್ನು ಕೋಳಿವಾಡದ ಮನೆಯ ವರೆಗೆ ಕರೆತಂದಿತು.

ಮುಂದಿನ ಪರ್ವಗಳಲ್ಲಿ ಏನಿದೆಯೆಂಬುದನ್ನು ನೆನೆಸಿಕೊಳ್ಳಿರಿ. ಕಾಡಿಗೆ ಹೋದ ಧೃತರಾಷ್ಟ್ರ, ಗಾಂಧಾರಿ, ಕುಂತಿಯರು ಕಾಳ್ಗಿಚ್ಚಿನಲ್ಲಿ ಬೇಯುತ್ತಾರೆ. ಯಾದವರು ಸಮುದ್ರದ ದಂಡೆಯ ಮೇಲೆ ಕುಡಿದು, ಒಬ್ಬರನ್ನೊಬ್ಬರು ಜೊಂಡುಹುಲ್ಲಿನಿಂದ ಬಡಿದು ಸಾಯುತ್ತಾರೆ. ಮರದ ಕೆಳಗೆ ಮಲಗಿದ ಕೃಷ್ಣನ ಪಾದಕ್ಕೆ ಬೇಡನ ಬಾಣವು ತಗಲುತ್ತದೆ. ದ್ವಾರಕೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊರಟ ಅರ್ಜುನನಿಗೆ ಗಾಂಡೀವವನ್ನು ಹೆದೆಯೇರಿಸುವದೇ ಕಷ್ಟವಾಗುತ್ತದೆ. ಕೋಲು ಹಿಡಿದ ಕಳ್ಳರು ಕಣ್ಣೆದುರಿಗೇ ಅವರನ್ನು ಎಳೆದೊಯ್ಯುತ್ತಾರೆ. ಹಿಮಾಲಯದ ದಾರಿಯಲ್ಲಿ ದ್ರೌಪದಿಯು ಮೊದಲು ಬೀಳುತ್ತಾಳೆ, ಆಮೇಲೆ ತಮ್ಮಂದಿರು ಒಬ್ಬೊಬ್ಬರಾಗಿ ಬೀಳುತ್ತಾರೆ. ಧರ್ಮರಾಯನ ಬೆನ್ನಿಗೆ ಉಳಿಯುವದು ಒಂದು ನಾಯಿ. ಅದನ್ನು ಬಿಟ್ಟು ಬರಲಾರೆನೆಂದು ಇಂದ್ರನೊಡನೆ ವಾದಿಸಿ ಸ್ವರ್ಗಕ್ಕೆ ಹೋದವನಿಗೆ ಅಲ್ಲಿ ಸಿಂಹಾಸನದ ಮೇಲೆ ಕಾಣುವವನು ದುರ್ಯೋಧನನು! ಬಯಲಾಟದಲ್ಲಿ ದುರ್ಯೋಧನನ ಪಾತ್ರಕ್ಕೆ ನಮ್ಮ ಊರುಗಳಲ್ಲಿ ಎಷ್ಟು ಪೈಪೋಟಿಯಿರುವದೆಂಬುದನ್ನು ಬಲ್ಲವರಿಗೆ ಈ ದೃಶ್ಯದ ರುಚಿಯನ್ನು ನಾವು ಹೇಳಬೇಕಾಗಿಲ್ಲ. ಇಂಥ ಕಥೆಯನ್ನು ಮಧ್ಯಮ ಕವಿಯು ಹೇಳಿದರೂ ಅದು ಕೇಳುವವನ ಕರುಳನ್ನು ಹಿಂಡದೆ ಬಿಡುವದಿಲ್ಲ.

ನರಗುಂದದ ಪತ್ರವು ಖಾರವಾಗಿರುವದಕ್ಕೆ ಕಾರಣವನ್ನೂ ನಾವು ಊಹಿಸಬಲ್ಲೆವು. ಆ ಊರಿನ ಜನರಿಗೆ ಯುದ್ಧದ ಮುಂದಿನ ಪರ್ವವೆಂದರೇನೆಂಬುದು ಗೊತ್ತು. 1858ರ ಬಾಬಾಸಾಹೇಬ ಭಾಸ್ಕರರಾವ ಭಾವೆಯವರ ಬಂಡನ್ನು ನಾವೆಲ್ಲರೂ ಅಭಿಮಾನದಿಂದ ಸ್ಮರಿಸುತ್ತೇವೆ. ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನು ಹತನಾದುದನ್ನು ಹೇಳುತ್ತೇವೆ, ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾದುದನ್ನು ಹೇಳುತ್ತೇವೆ. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯ ಪಾಲಾದುದನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇವೆ? ಶೌರ್ಯದ ಭಾಗವನ್ನು ಹಾಡಿ, ಉಳಿದುದನ್ನು ಸಪ್ಪೆಯೆಂದು ಬಿಡುವ ರೂಢಿಯು ಪುರಾಣದ ಕಟ್ಟೆಗೆ ಮಾತ್ರ ಸೇರಿದುದಲ್ಲ.

ಆದರೂ ಓದಿಸುವವರ ತೊಂದರೆಯನ್ನು ಬದಿಗೆ ಸರಿಸಲಿಕ್ಕಾಗದು. ಕೇಳುವವರಿಲ್ಲದೆ ಭಾರತವಿಲ್ಲ. ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುವ ರೂಢಿಯು ಈ ಬಯಲುಸೀಮೆಯಲ್ಲಿ ಬೆಳೆದುದು ಜನರಿಗೆ ಅದು ಬೇಕಾಗಿದ್ದುದರಿಂದ, ಯಾರ ಅಪ್ಪಣೆಯಿಂದಲೂ ಅಲ್ಲ. ಪಾಂಡವರ ಅಶ್ವಮೇಧವನ್ನೇ ನೋಡಿರಿ. ದೇವನೂರಿನ ಲಕ್ಷ್ಮೀಶನು ನಾರಣಪ್ಪನ ಭಾಮಿನಿಯನ್ನು ಬಿಟ್ಟು ವಾರ್ಧಕ ಷಟ್ಪದಿಯನ್ನು ಹಿಡಿದನು. ವ್ಯಾಸರನ್ನೂ ಬಿಟ್ಟು ಜೈಮಿನಿಯನ್ನು ಹಿಡಿದನು. ಜನರು ಆ ಜೈಮಿನಿಭಾರತವನ್ನು ತಲೆಯ ಮೇಲೆ ಹೊತ್ತುಕೊಂಡರು. ತಿಮ್ಮಣ್ಣನ ಅಶ್ವಮೇಧವು ಮೂಲೆಗೆ ಬಿದ್ದಿತು. ಹಿರಿಯನ ಅಂಗಿಯನ್ನು ತೊಟ್ಟುಕೊಂಡವನಿಗಿಂತ ತನ್ನದೇ ಅಂಗಿಯನ್ನು ಹೊಲಿಸಿಕೊಂಡವನಿಗೆ ಜನರು ಮಣೆ ಹಾಕಿದರು. ಇದರಲ್ಲಿ ಜನರ ತಪ್ಪು ನಮಗೆ ಕಾಣುವದಿಲ್ಲ.

ಆದಕಾರಣ ನಮ್ಮ ಸೂಚನೆಯು ಇಷ್ಟೇ. ಪಟ್ಟಾಭಿಷೇಕದ ರಾತ್ರಿ ಆರತಿಯಾಗಲಿ, ಪ್ರಸಾದವೂ ಆಗಲಿ. ಪುಸ್ತಕವನ್ನು ಮಾತ್ರ ಕಟ್ಟಬೇಡಿರಿ. ಶಾಂತಿ, ಅನುಶಾಸನಪರ್ವಗಳ ಸಾರವನ್ನು ಅರ್ಥ ಹೇಳುವವರು ಒಂದು ರಾತ್ರಿಯಲ್ಲಿ ಹೇಳಿ ಮುಗಿಸಲಿ. ಅಶ್ವಮೇಧಕ್ಕೆ ಬೇಕಾದವರು ಲಕ್ಷ್ಮೀಶನ ಚಂದ್ರಹಾಸನ ಕಥೆಯನ್ನು ಓದಿಸಿಕೊಳ್ಳಲಿ. ಆಮೇಲೆ ಮೌಸಲ, ಮಹಾಪ್ರಸ್ಥಾನ, ಸ್ವರ್ಗಾರೋಹಣ ಈ ಮೂರು ಪರ್ವಗಳನ್ನು ತಿಮ್ಮಣ್ಣನ ಪದ್ಯಗಳಲ್ಲಿಯೇ ಓದಿಸಿ ಮಂಗಳ ಹಾಡಬೇಕು. ರೋಣದ ಮಹನೀಯರು ಹೀಗೆ ಒಂದು ಸಲ ಮಾಡಿ ನೋಡಿ, ಎಣ್ಣೆ ಹಾಕುವವನ ಹೊರತು ಎಷ್ಟು ಜನರು ಕುಳಿತಿದ್ದರೆಂಬುದನ್ನು ನಮಗೆ ಬರೆದು ತಿಳಿಸಬೇಕು. ನಮ್ಮ ಊಹೆಯು ತಪ್ಪಾದರೆ ಅದನ್ನೂ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.

ಇನ್ನು ಗಜೇಂದ್ರಗಡದ ಪತ್ರವೊಂದು ಉಳಿಯಿತು. ಅದನ್ನು ಬರೆದವರು ಸೀರೆ ನೇಯುವವರು. ಅವರು ಯಾವ ಪಕ್ಷವನ್ನೂ ಹಿಡಿದಿಲ್ಲ. ನಾರಣಪ್ಪನ ಭಾರತವು ತಮ್ಮ ತಂದೆಯ ಕಾಲದಿಂದ ಮನೆಯಲ್ಲಿದೆ, ತಿಮ್ಮಣ್ಣನ ಪುಸ್ತಕವು ಎಲ್ಲಿ ಸಿಕ್ಕುವದು, ಕ್ರಯವೆಷ್ಟು ಎಂದಷ್ಟೇ ಕೇಳಿದ್ದಾರೆ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಅಂದಿನ ಮೈಸೂರು ಸರಕಾರವು ಕುಮಾರವ್ಯಾಸನನ್ನು ಅತ್ಯಲ್ಪ ಕ್ರಯಕ್ಕೆ ಮನೆಮನೆಗೆ ಮುಟ್ಟಿಸಿತು. ಅದು ಸರಕಾರಗಳು ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ತಿಮ್ಮಣ್ಣನಿಗೆ ಆ ಭಾಗ್ಯವು ಬರಲಿಲ್ಲ. ನಾವು ನಮ್ಮ ಪರಿಚಯದ ನಾಲ್ಕೈದು ಅಂಗಡಿಗಳಲ್ಲಿ ಕೇಳಿಸಿದೆವು, ದೊರೆಯಲಿಲ್ಲ. ಎರಡೂ ಪಕ್ಷದವರು ಇಷ್ಟು ದಿನ ಜಗಳಾಡಿದ್ದು ಬಹುಮಟ್ಟಿಗೆ ಕೈಯಲ್ಲಿಲ್ಲದ ಪುಸ್ತಕದ ಸಲುವಾಗಿ! ಯಾರ ಮನೆಯ ಗೂಡಿನಲ್ಲಿಯಾದರೂ ಅಚ್ಚಿನ ಪ್ರತಿಯಾಗಲಿ, ಕೈಬರಹದ ಪ್ರತಿಯಾಗಲಿ ಇದ್ದಲ್ಲಿ ದಯವಿಟ್ಟು ನಮ್ಮ ಕಚೇರಿಗೆ ತಿಳಿಸಬೇಕು. ನಮ್ಮ ಖರ್ಚಿನಿಂದ ಕೊನೆಯ ಮೂರು ಪರ್ವಗಳ ನಕಲು ತೆಗೆಯಿಸಿ, ಪ್ರತಿಯನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಮೊದಲನೆಯ ನಕಲು ಗಜೇಂದ್ರಗಡಕ್ಕೆ ಹೋಗುವದು.