ಅಡಿಯ ಲೆಕ್ಕ, ನೀರಿನ ಲೆಕ್ಕ

ಮುಂಗಾರು ಬಲಿತಿತೆಂದರೆ ಕನ್ನಂಬಾಡಿಗೆ ಹೋಗುವ ಬಸ್ಸಿನಲ್ಲಿ ಕ್ರಿಕೆಟ್ ಪಂದ್ಯದ ಸಡಗರ. ‘ಇಂದು ಎಷ್ಟಾಯಿತು?’ ಎಂದೊಬ್ಬರು, ‘ನೂರು ದಾಟಿತು!’ ಎಂದಿನ್ನೊಬ್ಬರು. ಕಟ್ಟೆಯ ಬಳಿ ಕರಿದ ಮೀನು ಸವಿಯುವಾಗಲೂ ಇದೇ ಮಾತು. ಈ ಅಭಿಮಾನ ನಮಗೂ ಮೆಚ್ಚುಗೆಯೇ. ಆದರೆ ಮೊದಲನೆಯ ಓಟಕ್ಕೂ ನೂರನೆಯ ಓಟಕ್ಕೂ ಬೆಲೆ ಒಂದೇ. ಅಡಿಗಳ ಮಾತು ಹಾಗಲ್ಲ. ಜಲಾಶಯವು ತಳದಲ್ಲಿ ಕಿರಿದು, ಮೇಲೇರಿದಂತೆ ವಿಶಾಲ. ಆದುದರಿಂದ ಮೇಲಿನ ಒಂದು ಅಡಿಯು ಕೆಳಗಿನ ಒಂದು ಅಡಿಗಿಂತ ಬಹಳ ಹೆಚ್ಚು ನೀರನ್ನು ಹಿಡಿಯುತ್ತದೆ. ಪೂರ್ಣಮಟ್ಟವಾದ 124.80 ಅಡಿಯಲ್ಲಿ ಸಂಗ್ರಹ 49.45 ಟಿ.ಎಂ.ಸಿ., ಎಂದರೆ 4,945 ಕೋಟಿ ಘನ ಅಡಿ. ನೂರು ಅಡಿಯಲ್ಲಿ ಇದರ ಅರ್ಧವೂ ಇರುವುದಿಲ್ಲ! ಮಂಡ್ಯದ ಕಬ್ಬು, ಭತ್ತಗಳಿಗೆ ಬೇಕಾದುದು ಘನ ಅಡಿ. ನಾಲೆಗೆ ನೀರು ಬಿಡುವ ಚರ್ಚೆಯಲ್ಲಿ ವಿದ್ಯಾರ್ಥಿಗಳಾದರೂ ಟಿ.ಎಂ.ಸಿ.ಯನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಪತ್ರಿಕೆಗಳು ಎರಡು ಅಂಕಿಗಳನ್ನೂ ಅಚ್ಚು ಹಾಕುವುದುಂಟು. ನಮ್ಮವರು ಮೊದಲಿನದನ್ನು ಓದಿ ಪತ್ರಿಕೆಯನ್ನು ಮಡಿಚಿಡುತ್ತಾರೆ.