ಬಟ್ಟೆ ಒಣಗಿತು, ನೀರೆಲ್ಲಿ ಹೋಯ್ತು?

ಜುಲೈ ಬಂತೆಂದರೆ ಪುಣೆಯ ನಮ್ಮ ಫ್ಲ್ಯಾಟ್‌ಗಳ ಹಾಲ್ ಧೋಬಿಘಾಟ್ ಆಗುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಕುರ್ಚಿಗಳ ಮೇಲೆಲ್ಲ ಬಟ್ಟೆ. ಹೋದ ಮಳೆಗಾಲ ಮಗಳ ರಾತ್ರಿ ಕೆಮ್ಮು ಯಾವ ಸಿರಪ್ಪಿಗೂ ಬಗ್ಗಲಿಲ್ಲ. ಧಾರವಾಡದಿಂದ ಬಂದಿದ್ದ ಅಮ್ಮ, "ಆ ಕಪಾಟು ಸ್ವಲ್ಪ ಸರಿಸಪ್ಪ, ವಾಸನಿ ಬರ್ತದ" ಅಂದರು. ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ಮಗಳ ದಿಂಬಿನಿಂದ ಎರಡೇ ಮೊಳ!

ಒಣಗಿದ ಬಟ್ಟೆಯ ನೀರು ಮಾಯವಾಗುವುದಿಲ್ಲ, ಮನೆಯ ಗಾಳಿ ಸೇರುತ್ತದೆ. ತಣ್ಣನೆಯ ಹೊರಗೋಡೆ, ಗಾಳಿಯಾಡದ ಮೂಲೆ ಸಿಕ್ಕರೆ ಅಲ್ಲಿ ಕೂರುತ್ತದೆ. ತೇವಾಂಶ ಶೇ 60 ದಾಟಿದರೆ ಬೂಷ್ಟಿಗೆ ಹಬ್ಬ. ಹಾಸಿಗೆಯ ನುಸಿಗೆ 50 ದಾಟಿದರೂ ಸಾಕು. ಅಸ್ತಮಾ ಇದ್ದವರಿಗೆ ಎರಡೂ ವೈರಿ.

ಪುಟ್ಟ ಹೈಗ್ರೋಮೀಟರ್ ತಂದೆ. ಬಟ್ಟೆ ಹರವಿದ ದಿನ 84. ಬಟ್ಟೆ ಬಾಲ್ಕನಿಗೆ ಹೋದ ಮೇಲೆ 73. ಮಲಗುವ ಕೋಣೆ ಮುಚ್ಚಿ ಎಸಿಯ ಡ್ರೈ ಮೋಡ್ ಎರಡು ತಾಸು ಹಾಕಿದಾಗ 58. ಮಳೆ ಸುರಿಯುವಾಗ ಕಿಟಕಿ ತೆರೆದರೆ ಹೊರಗಿನ ತೇವವೂ ಒಳಗೆ. ಹೊಳವಾದಾಗ ಎದುರುಬದುರು ಕಿಟಕಿ ತೆರೆಯಿರಿ. ಅಡುಗೆ, ಸ್ನಾನದ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ. ಬೂಷ್ಟಿನ ಮೇಲೇ ಪೇಂಟ್ ಬಳಿಸಬೇಡಿ. ನಾನು ಬಳಿಸಿದ್ದೆ, ತಿಂಗಳಲ್ಲಿ ಮತ್ತೆ ಬಂತು. ಗೋಡೆ ಹೊರಗಿನಿಂದಲೇ ಸೋರುತ್ತಿದ್ದರೆ ಮಾತ್ರ ಸೊಸೈಟಿ ಮೀಟಿಂಗ್‌ನಲ್ಲಿ ಜಗಳವೇ ಗತಿ.

ಮಗಳ ಇನ್ಹೇಲರ್ ಡಾಕ್ಟರ್ ಹೇಳಿದಂತೆ ನಡೆದಿದೆ. ರಾತ್ರಿ ಏಳುವುದು ಕಡಿಮೆಯಾಗಿದೆ.

ಹಾಂ, ಏಪ್ರಿಲ್‌ನಲ್ಲಿ ಅದೇ ಮೀಟರ್ 22 ತೋರಿಸಿತು, ಎಲ್ಲರ ಮೂಗೂ ಒಣ ಒಣ. ಆಗ ಬೇಕಾದರೆ ಬಟ್ಟೆ ಹಾಲ್‌ನಲ್ಲೇ ಹರವಿ.