ಪಹಲ್ಗಾಮನ್ನು ಖಂಡಿಸಿದ ನಾಲಗೆ ಬಜ್ಪೆಯಲ್ಲಿ ತಡವರಿಸಿದ್ದೇಕೆ?

ಬಾಳೂರಿನಂಥ ಊರಿನಲ್ಲಿ ಜುಮಾ ಮುಗಿಸಿ ಹೊರಬರುವವರಲ್ಲಿ ತೋಟದ ಕಾರ್ಮಿಕರಿದ್ದಾರೆ, ಸಣ್ಣಪುಟ್ಟ ವ್ಯಾಪಾರಿಗಳಿದ್ದಾರೆ, ಘಟ್ಟದ ಕೆಳಗೆ ಹೆಣ್ಣು ಕೊಟ್ಟವರೂ ಅಲ್ಲಿಂದ ತಂದವರೂ ಇದ್ದಾರೆ. 2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾದ ಬಳಿಕ ಇಂಥವರ ಬಾಯಲ್ಲಿ ಪದೇ ಪದೇ ಕೇಳಿಬಂದ ಪ್ರಶ್ನೆಯೊಂದಿದೆ: ‘ಕೊಂದವರು ಯಾರೋ. ಖಂಡನಾ ಹೇಳಿಕೆ ಕೊಡಬೇಕಾದವರು ಮಾತ್ರ ನಾವೇಕೆ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾಫಿ ಒಣಹಾಕುವ ಕಣದಲ್ಲಿ ಬೇರಾವ ಸಮುದಾಯದ ಕೂಲಿಕಾರನಿಗೂ ದೇಶಪ್ರೇಮದ ಪರೀಕ್ಷೆ ನಡೆಯುವುದಿಲ್ಲ. ಅಷ್ಟಕ್ಕೂ ಮುಸ್ಲಿಮರು ಮೌನವಾಗಿದ್ದುದಾದರೂ ಯಾವಾಗ? 2008ರ ಫೆಬ್ರವರಿಯಲ್ಲಿ ದೇವ್‌ಬಂದ್‌ನ ದಾರುಲ್ ಉಲೂಮ್ ಸಾವಿರಾರು ಉಲಮಾಗಳನ್ನು ಕಲೆಹಾಕಿ ಭಯೋತ್ಪಾದನೆ ಇಸ್ಲಾಮ್‌ಗೆ ವಿರುದ್ಧವೆಂದು ಘೋಷಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಮುಂಬೈಯ ಮೇಲೆ ದಾಳಿ ಮಾಡಿ ಸತ್ತ ಒಂಬತ್ತು ಮಂದಿಯ ಶವಗಳಿಗೆ ಅಲ್ಲಿನ ಮುಸ್ಲಿಮರು ತಮ್ಮ ದಫನಭೂಮಿಯಲ್ಲಿ ಜಾಗ ಕೊಡಲಿಲ್ಲ. ಮಯ್ಯಿತ್‌ಗೆ ಮಣ್ಣು ಕೊಡುವುದು ಎಷ್ಟು ದೊಡ್ಡ ಹೊಣೆಯೆಂದು ತಿಳಿದವರಿಗೆ ಮಾತ್ರ ಆ ನಿರಾಕರಣೆಯ ತೂಕ ಅರ್ಥವಾದೀತು. ಪಹಲ್ಗಾಮ್‌ನಲ್ಲಿ ಸತ್ತವರಲ್ಲಿ ಕುದುರೆ ಸವಾರಿ ಮಾಡಿಸಿ ಬದುಕುತ್ತಿದ್ದ ಕಾಶ್ಮೀರಿ ಮುಸ್ಲಿಮನೂ ಇದ್ದ. ನಮ್ಮ ನೆರೆಯ ಶಿವಮೊಗ್ಗದವರೊಬ್ಬರೂ ಇದ್ದರು. ತಮ್ಮನ್ನು ರಕ್ಷಿಸಿದವರು ಸ್ಥಳೀಯ ಕಾಶ್ಮೀರಿಗಳೇ ಎಂದು ಅವರ ಪತ್ನಿಯೇ ಹೇಳಿದರು.

ಹೀಗಿರುವಾಗ ಪರೀಕ್ಷೆಗೆ ಹೆದರಿ ಅಂಕ ಗಿಟ್ಟಿಸಲು ಹೊರಡುವುದು ಎಂಥ ದುರಂತಕ್ಕೆ ಒಯ್ಯುತ್ತದೆ ನೋಡಿ. 2025ರ ಮೇ ಆರಂಭದಲ್ಲಿ ರಾಜ್ಯದ ಸಚಿವ ಝಮೀರ್ ಅಹ್ಮದ್ ಖಾನ್, ಆತ್ಮಾಹುತಿ ಬಾಂಬ್ ಕೊಟ್ಟರೆ ಮೈಗೆ ಕಟ್ಟಿಕೊಂಡು ಪಾಕಿಸ್ತಾನಕ್ಕೆ ಹೋಗುವುದಾಗಿ ಪತ್ರಕರ್ತರ ಮುಂದೆ ಹೇಳಿದರು. ಆತ್ಮಾಹುತಿ ದಾಳಿ ಹರಾಮ್ ಎಂದು ಉಲಮಾಗಳು ಗಂಟಲು ಹರಿಯುವಂತೆ ಸಾರಿದ ಮೇಲೆ, ಸಮುದಾಯದ ಸಚಿವರೊಬ್ಬರು ಅದೇ ಬಾಂಬನ್ನು ದೇಶಪ್ರೇಮದ ಪದಕವೆಂಬಂತೆ ಕೇಳುವುದೇ? ಯಾರೂ ಕೇಳದ ಪುರಾವೆಯನ್ನು ಕೊಡಹೊರಟವರ ಪಾಡು ಇದು.

ಆದರೆ ನಮ್ಮ ನಿಜವಾದ ತಕರಾರು ಸಚಿವರೊಂದಿಗಲ್ಲ, ನಮ್ಮೊಂದಿಗೇ.

ಬಾಳೂರಿನಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ. ಪಹಲ್ಗಾಮ್‌ನ ಐದೇ ದಿನಗಳ ಬಳಿಕ, ಎಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ವಯನಾಡು ಮೂಲದ ಬಡ ಯುವಕನೊಬ್ಬನನ್ನು ಕ್ರಿಕೆಟ್ ಮೈದಾನದ ಬಳಿ ಗುಂಪೊಂದು ಬಡಿದು ಕೊಂದಿತು. ಮೊದಲು ಅಸಹಜ ಸಾವೆಂದು ದಾಖಲಾದ ಆ ಪ್ರಕರಣದ ಬಗ್ಗೆ ನಾವು ಸಿಡಿದೆದ್ದೆವು. ಏಳಲೇಬೇಕಿತ್ತು. ಮೇ 1ರಂದು ಬಜ್ಪೆಯಲ್ಲಿ ಹಿಂದುತ್ವ ಕಾರ್ಯಕರ್ತನೊಬ್ಬನನ್ನು ನಡುಬೀದಿಯಲ್ಲಿ ಕಡಿದು ಕೊಲ್ಲಲಾಯಿತು. ಬಂಧಿತರಲ್ಲಿ ಹೆಚ್ಚಿನವರು ನಮ್ಮ ಹೆಸರು ಹೊತ್ತವರು. ಆಗ ನಾವೇನು ಹೇಳಿದೆವು? ‘ಅವನ ಮೇಲೂ ಕೊಲೆ ಕೇಸಿತ್ತಲ್ಲ’ ಎಂದೆವು. ‘2022ರಲ್ಲಿ ಸುರತ್ಕಲ್‌ನಲ್ಲಿ ನಮ್ಮ ಹುಡುಗನನ್ನು ಕೊಂದಾಗ ಇವರೆಲ್ಲಿದ್ದರು’ ಎಂದೆವು. ಸುರತ್ಕಲ್‌ನ ಕೊಲೆಗೆ ಎರಡು ದಿನ ಮುಂಚೆ ಬೆಳ್ಳಾರೆಯಲ್ಲೊಂದು ಕೊಲೆಯಾಗಿತ್ತೆಂಬುದನ್ನು ಮರೆತೆವು. ಮೇ 27ರಂದು ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಮರಳು ಇಳಿಸುತ್ತಿದ್ದ ಪಿಕಪ್ ಚಾಲಕನ ಹತ್ಯೆಯಾಯಿತು. ಈ ಪ್ರತೀಕಾರದ ಲೆಕ್ಕಪುಸ್ತಕವನ್ನು ಯಾರ ಸರದಿಯಲ್ಲಿ ಮುಚ್ಚುವುದು?

ಪಹಲ್ಗಾಮ್ ಖಂಡಿಸಲು ನಮಗೆ ಖರ್ಚೇನೂ ಇಲ್ಲ. ಆ ಹಂತಕರು ನಮ್ಮ ಬಂಧುಗಳಲ್ಲ. ಬಜ್ಪೆಯ ವಿಷಯ ಹಾಗಲ್ಲ. ಅಲ್ಲಿ ಬಾಯಿಬಿಟ್ಟರೆ ಬೀಗರು ಮುನಿಯುತ್ತಾರೆ, ಮಸೀದಿ ಕಮಿಟಿಯಲ್ಲಿ ಮಾತು ಬೆಳೆಯುತ್ತದೆ, ಮೊಬೈಲ್ ಹಿಡಿದ ಹುಡುಗರು ‘ಹೇಡಿ’ ಎನ್ನುತ್ತಾರೆ. ಓರ್ವ ನಿರಪರಾಧಿಯ ಹತ್ಯೆ ಎಂಥದ್ದೆಂದು ತಿಳಿಸುವ ಸೂರಃ ಅಲ್ ಮಾಇದದ 32ನೇ ವಚನವನ್ನು ನಾವು ಪ್ರತಿ ಹೇಳಿಕೆಯಲ್ಲೂ ಉಲ್ಲೇಖಿಸುತ್ತೇವೆ. ಅದು ಇತರರಿಗೆ ತೋರಿಸಲು ಅನುಕೂಲವಾದ ವಚನ. ಅದೇ ಸೂರಃದ 8ನೇ ವಚನವನ್ನು ಅಷ್ಟು ಉತ್ಸಾಹದಿಂದ ಓದುವುದಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಕದಲಿಸಬಾರದೆಂದು ಅದು ತಾಕೀತು ಮಾಡುವುದು ನಮಗೇ ಆದುದರಿಂದ.

ಇನ್ನು ಯುದ್ಧ. ಮೇ 7ರಂದು ಆಪರೇಷನ್ ಸಿಂಧೂರ ಆರಂಭವಾದಾಗ ಟಿ.ವಿ.ಗಳಲ್ಲಿ ಹಬ್ಬ. ಅದೇ ದಿನ ಗಡಿಯಾಚೆಯ ಶೆಲ್ ದಾಳಿಗೆ ಪೂಂಛ್‌ನಲ್ಲಿ ಮದ್ರಸಾ ಅಧ್ಯಾಪಕರೊಬ್ಬರು ಬಲಿಯಾದರು. ಕೆಲವು ಚಾನೆಲ್‌ಗಳು ಅವರನ್ನೇ ಭಯೋತ್ಪಾದಕನೆಂದು ಬಿತ್ತರಿಸಿದವು; ಅದು ಸುಳ್ಳೆಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು. ಮದ್ರಸಾದ ಚಾಪೆಯ ಮೇಲೆ ಕುಳಿತು ಕಲಿತ ನಮಗೆ ಆ ಸುದ್ದಿ ಓದುವಾಗ ಕೈ ನಡುಗಿತು. ಶತ್ರುವಿನ ಶೆಲ್‌ಗೆ ಸತ್ತವನು ಸ್ವದೇಶದ ಪರದೆಯಲ್ಲಿ ಶತ್ರುವಾದ. ಮೇ 10ರಂದು ಕದನವಿರಾಮವಾದಾಗ ನಿರಾಶರಾದವರು ಅದರಿಂದ ಬಹುದೂರದಲ್ಲಿದ್ದವರು. ಆ ನಿರಾಶರಲ್ಲಿ ನಮ್ಮವರೂ ಇದ್ದರೆಂಬುದನ್ನು ಮುಚ್ಚಿಡಬೇಕಿಲ್ಲ.

ಮೂಡಿಗೆರೆ, ಕಳಸ, ಬಾಳೂರಿನ ಜಮಾಅತ್‌ಗಳ ಹೊಣೆಗಾರರಲ್ಲಿ ನಮ್ಮ ಕೋರಿಕೆ ಇಷ್ಟೇ. ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಹಾಗಿರಲಿ. ಜುಮಾದ ಖುತ್ಬಾಕ್ಕೆ ಮೊದಲು ನಡೆಯುವ ಪ್ರವಚನದಲ್ಲಿ, ನೆರೆಮನೆಯವರಿಗೂ ತಿಳಿಯುವ ಕನ್ನಡದಲ್ಲಿ, ಕುಡುಪುವಿನ ಪಕ್ಕದಲ್ಲೇ ಬಜ್ಪೆಯ ಹೆಸರನ್ನೂ ಹೇಳಿ. ಎದ್ದು ಹೋಗುವವರಿದ್ದರೆ ಹೋಗಲಿ.